ಬ್ಯಾಕಪ್ ಇದೆ ಎಂಬ ನಂಬಿಕೆ: ಒಂದು ಅಪಘಾತ ವರದಿಯ ವಿಮರ್ಶೆ

ವಿಮರ್ಶೆ ಎಂದ ಕೂಡಲೇ ನಿಮಗೆ ಪುಸ್ತಕ ನೆನಪಾಗುವುದು ಸಹಜ. ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಒಂದು ಅಪಘಾತದ ವರದಿ. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಎಂಬ ಸಂಸ್ಥೆಯ ಮುಖ್ಯ ಡೇಟಾಬೇಸ್ ಅಳಿಸಿಹೋಯಿತು. ಹತ್ತು ದಿನಗಳ ನಂತರ, ಫೆಬ್ರವರಿ 10ರಂದು, ಏನಾಯಿತು, ಏಕಾಯಿತು ಎಂಬುದನ್ನು ಆ ಸಂಸ್ಥೆಯೇ ಬರೆದು ಅಂತರಜಾಲದಲ್ಲಿ ಪ್ರಕಟಿಸಿತು. ಯಾರು ಬೇಕಾದರೂ ಓದಬಹುದಾದ ಈ ವರದಿಯನ್ನು ಗಣಕವಿಜ್ಞಾನ ಕಲಿಸುವ ಅಧ್ಯಾಪಕರೂ ಕಲಿಯುವ ವಿದ್ಯಾರ್ಥಿಗಳೂ ಒಮ್ಮೆಯಾದರೂ ಓದಬೇಕು. ದತ್ತಸಂಚಯ ನಿರ್ವಾಹಕ, ಅಂದರೆ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ ಅಥವಾ ಚಿಕ್ಕದಾಗಿ ಡಿಬಿಎ, ನಿಜವಾಗಿ ಯಾವ ಕೆಲಸಕ್ಕಾಗಿ ಇರುತ್ತಾನೆ ಎಂಬ ಪ್ರಶ್ನೆಗೆ ಪಠ್ಯಪುಸ್ತಕಗಳಲ್ಲಿ ಸಿಗದ ಉತ್ತರ ಇದರಲ್ಲಿದೆ. ಆದರೆ ಆ ಉತ್ತರದ ಬಾಗಿಲವರೆಗೆ ಬಂದು ವರದಿ ನಿಂತುಬಿಡುತ್ತದೆ. ಅದರ ಗುಣವನ್ನೂ ಕೊರತೆಯನ್ನೂ ಒಟ್ಟಿಗೆ ನೋಡೋಣ.

ಗಿಟ್‌ಲ್ಯಾಬ್ ಎಂದರೆ ತಂತ್ರಾಂಶ ಬರೆಯುವವರು ತಮ್ಮ ಬರವಣಿಗೆಯನ್ನು ಕೂಡಿಟ್ಟುಕೊಂಡು, ಹಲವರು ಸೇರಿ ತಿದ್ದಿ ಬೆಳೆಸುವ ತಾಣ. ಬರೆದ ತಂತ್ರಾಂಶ ಒಂದು ಕಡೆ ಕಡತಗಳಲ್ಲಿರುತ್ತದೆ. ಯಾರು ಬಳಕೆದಾರರು, ಯಾವ ಯೋಜನೆ ಯಾರದ್ದು, ಯಾರು ಯಾವ ಟಿಪ್ಪಣಿ ಬರೆದರು ಎಂಬ ವಿವರಗಳೆಲ್ಲ ಡೇಟಾಬೇಸ್‌ನಲ್ಲಿರುತ್ತವೆ. ಅಂದು ಅಳಿದದ್ದು ಈ ಎರಡನೆಯದು.

ಕಿರ್ದಿ ಮತ್ತು ಖಾತೆ

ವರದಿ ತಜ್ಞರಿಗಾಗಿ ಬರೆದದ್ದು. ಆದ್ದರಿಂದ ಅದನ್ನು ಓದುವ ಮುನ್ನ ಒಂದು ವಿಷಯ ತಿಳಿದಿರಬೇಕು.

ಹಳೆಯ ಅಂಗಡಿಗಳಲ್ಲಿ ಎರಡು ಲೆಕ್ಕದ ಪುಸ್ತಕಗಳಿರುತ್ತಿದ್ದವು. ದಿನದ ವ್ಯವಹಾರ ನಡೆದ ಹಾಗೆಯೇ ಸಾಲಾಗಿ ಬರೆದಿಡುವುದು ಕಿರ್ದಿ ಪುಸ್ತಕ. ಅದರಿಂದ ಎತ್ತಿ ಒಬ್ಬೊಬ್ಬ ಗಿರಾಕಿಯ ಹೆಸರಿನ ಪುಟಕ್ಕೆ ಹಾಕುವುದು ಖಾತೆ ಪುಸ್ತಕ. ಡೇಟಾಬೇಸ್ ತಂತ್ರಾಂಶವೂ ಹೀಗೆಯೇ ನಡೆಯುತ್ತದೆ. ಯಾವುದೇ ಬದಲಾವಣೆಯನ್ನು ಮೊದಲು ಒಂದು ಲಾಗ್‌ನಲ್ಲಿ ಬರೆದು, ಆಮೇಲೆ ಕೋಷ್ಟಕಗಳಲ್ಲಿ ತುಂಬುತ್ತದೆ. ನಡುವೆ ವಿದ್ಯುತ್ ಹೋದರೂ ಲಾಗ್ ನೋಡಿ ಉಳಿದದ್ದನ್ನು ಪೂರ್ತಿಗೊಳಿಸಬಹುದು. ಬರೆಯುವುದಕ್ಕೆ ಮೊದಲಿನ ಲಾಗ್ ಎಂಬ ಅರ್ಥದಲ್ಲಿ ಇದಕ್ಕೆ ರೈಟ್ ಅಹೆಡ್ ಲಾಗ್, ವಾಲ್ ಎಂಬ ಹೆಸರಿದೆ. ಈ ತತ್ತ್ವವನ್ನು ಕರಾರುವಾಕ್ಕಾಗಿ ಬೆಳೆಸಿದ ಏರಿಸ್ ಎಂಬ ವಿಧಾನವನ್ನು ಐಬಿಎಂನಲ್ಲಿದ್ದ, ಭಾರತ ಮೂಲದ ಸಿ. ಮೋಹನ್ ಮತ್ತು ಅವರ ಸಹೋದ್ಯೋಗಿಗಳು 1992ರಲ್ಲಿ ಪ್ರಕಟಿಸಿದರು. ಪದವಿ ತರಗತಿಗಳಲ್ಲಿ ನೀವು ಅದರ ಹೆಸರು ಕೇಳಿರಬಹುದು.

ಗಿಟ್‌ಲ್ಯಾಬ್ ಬಳಸುತ್ತಿದ್ದ ಪೋಸ್ಟ್‌ಗ್ರೆಸ್‌ಕ್ಯೂಎಲ್ ಮುಕ್ತ ತಂತ್ರಾಂಶ. ಅದಕ್ಕೆ ಎರಡು ಸರ್ವರುಗಳಿದ್ದವು. ಒಂದು ಮುಖ್ಯ ಸರ್ವರ್, ಇನ್ನೊಂದು ಜೊತೆ ಸರ್ವರ್. ಮುಖ್ಯ ಸರ್ವರ್‌ನ ಕಿರ್ದಿ ಪುಟಗಳನ್ನು ಜೊತೆ ಸರ್ವರ್ ಬಿಡದೆ ಓದಿಕೊಂಡು ತನ್ನ ಖಾತೆ ಪುಸ್ತಕವನ್ನೂ ಹಾಗೆಯೇ ತಿದ್ದಿಕೊಳ್ಳುತ್ತಿತ್ತು. ಮುಖ್ಯ ಸರ್ವರ್ ಕೆಟ್ಟರೆ ಜೊತೆಯದು ಆ ಸ್ಥಾನಕ್ಕೆ ಬರಬೇಕು ಎಂಬುದು ಏರ್ಪಾಟು. ಈ ನಕಲು ಕ್ರಿಯೆಗೆ ರೆಪ್ಲಿಕೇಶನ್ ಎನ್ನುತ್ತಾರೆ.

ನಡೆದದ್ದೇನು?

ವರದಿಯ ಸಮಯಗಳೆಲ್ಲ ಯುಟಿಸಿಯಲ್ಲಿವೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದು 17:20ರ ಸುಮಾರಿಗೆ ಒಬ್ಬ ಎಂಜಿನಿಯರ್, ಪ್ರಯೋಗಕ್ಕಾಗಿ ಇಟ್ಟುಕೊಂಡಿದ್ದ ಬೇರೊಂದು ಗಣಕಕ್ಕೆ ತುಂಬಲೆಂದು, ಮುಖ್ಯ ಡೇಟಾಬೇಸ್‌ನ ಒಂದು ಪಡಿಯಚ್ಚು ತೆಗೆದ. ಅದು ಅಂದಿನ ನಿಗದಿತ ಕೆಲಸವಾಗಿರಲಿಲ್ಲ. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

19:00ರ ಹೊತ್ತಿಗೆ ಡೇಟಾಬೇಸ್ ಮೇಲೆ ಹೊರೆ ಏರತೊಡಗಿತು. ಸ್ಪ್ಯಾಮ್ ಹಾವಳಿ ಒಂದು ಕಾರಣ. ಇನ್ನೊಂದು ವಿಚಿತ್ರವಾದದ್ದು. ಯಾರೋ ಕಿಡಿಗೇಡಿ ಸಂಸ್ಥೆಯ ನೌಕರರೊಬ್ಬರ ಖಾತೆಯ ಮೇಲೆಯೇ ದುರ್ಬಳಕೆಯ ದೂರು ಕೊಟ್ಟಿದ್ದ. ಆ ಖಾತೆ ತಪ್ಪಾಗಿ ಅಳಿಸಬೇಕಾದವುಗಳ ಸಾಲಿಗೆ ಸೇರಿತು. ಅದನ್ನೂ ಅದಕ್ಕೆ ಸೇರಿದ್ದೆಲ್ಲವನ್ನೂ ತೆಗೆಯುವ ಕೆಲಸ ಹಿನ್ನೆಲೆಯಲ್ಲಿ ನಡೆಯುತ್ತಿತ್ತು. ಹೊರೆ ಹೆಚ್ಚಿದಂತೆ ಮುಖ್ಯ ಸರ್ವರ್ ಕಿರ್ದಿಯ ಪುಟಗಳನ್ನು ಒಂದರ ಮೇಲೊಂದು ತುಂಬುತ್ತಾ ಹಳೆಯವನ್ನು ಹರಿದು ಎಸೆಯುತ್ತಾ ಹೋಯಿತು. ಜೊತೆ ಸರ್ವರ್ ಹಿಂದೆ ಬಿತ್ತು. ಅದು ಓದಬೇಕಾದ ಪುಟವನ್ನು ಕೇಳುವ ಹೊತ್ತಿಗೆ ಆ ಪುಟವೇ ಇರಲಿಲ್ಲ. ಹರಿದ ಪುಟಗಳನ್ನು ಬೇರೆಲ್ಲಾದರೂ ಕೂಡಿಡುವ ವ್ಯವಸ್ಥೆಯೂ ಇರಲಿಲ್ಲ. ರೆಪ್ಲಿಕೇಶನ್ ನಿಂತಿತು.

ಈಗ ಉಳಿದದ್ದು ಒಂದೇ ದಾರಿ. ಜೊತೆ ಸರ್ವರ್‌ನಲ್ಲಿರುವುದನ್ನೆಲ್ಲ ಅಳಿಸಿ, ಮುಖ್ಯ ಸರ್ವರ್‌ನಿಂದ ಮೊದಲಿನಿಂದ ನಕಲು ಮಾಡಬೇಕು. ಅದಕ್ಕಾಗಿ ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ ಬೇಸ್‌ಬ್ಯಾಕಪ್ ಎಂಬ ಸಾಧನವಿದೆ. ಅದನ್ನು ಓಡಿಸಿದರೆ ಅದು ಏನೂ ಹೇಳದೆ ಸುಮ್ಮನೆ ಕೂತಿತು. ಒಂದು ಮಿತಿಯನ್ನು ಏರಿಸಿದರೆ ಸರ್ವರ್ ಮತ್ತೆ ಚಾಲೂ ಆಗಲೊಲ್ಲದು. ಏಕಕಾಲಿಕ ಸಂಪರ್ಕಗಳ ಮಿತಿಯನ್ನು 8000ದಷ್ಟು ಎತ್ತರದಲ್ಲಿಟ್ಟದ್ದು ಅದಕ್ಕೆ ಕಾರಣ. ಅದನ್ನು 2000ಕ್ಕೆ ಇಳಿಸಿದ ಮೇಲೆ ಸರ್ವರ್ ಎದ್ದಿತು, ಬೇಸ್‌ಬ್ಯಾಕಪ್ ಮತ್ತೆ ಸುಮ್ಮನೆ ಕೂತಿತು. ಅದು ಕೆಟ್ಟಿರಲಿಲ್ಲ. ಮುಖ್ಯ ಸರ್ವರ್ ದತ್ತಾಂಶ ಕಳಿಸಲಾರಂಭಿಸುವುದನ್ನು ಮೌನವಾಗಿ ಕಾಯುತ್ತಿತ್ತು. ಈ ಮೌನ ಸಹಜವಾದದ್ದು ಎಂದು ಸಂಸ್ಥೆಯ ಕೈಪಿಡಿಯಲ್ಲಿ ಎಲ್ಲೂ ಬರೆದಿರಲಿಲ್ಲ.

ಜೊತೆ ಸರ್ವರ್‌ನ ದತ್ತಾಂಶದ ಫೋಲ್ಡರ್ ಇನ್ನೂ ಇರುವುದೇ ತೊಡಕು ಇರಬಹುದೆಂದು ಎಂಜಿನಿಯರ್ ಊಹಿಸಿದ. ಅದನ್ನು ಅಳಿಸುವ ಆಜ್ಞೆ ಕೊಟ್ಟ. ಎರಡು ಸರ್ವರುಗಳ ಹೆಸರು ಡಿಬಿ1 ಮತ್ತು ಡಿಬಿ2. ಆಜ್ಞೆ ಹೋಗಬೇಕಾಗಿದ್ದದ್ದು ಡಿಬಿ2ಕ್ಕೆ. ಹೋದದ್ದು ಡಿಬಿ1ಕ್ಕೆ, ಅಂದರೆ ಮುಖ್ಯ ಸರ್ವರ್‌ಗೆ. ಒಂದೆರಡು ಸೆಕೆಂಡಿನಲ್ಲಿ ತಿಳಿದು ತಡೆದ. ಆಗ ಸಮಯ 23:27. ನಮ್ಮಲ್ಲಿ ಫೆಬ್ರವರಿ 1ರ ಬೆಳಗಿನ ಜಾವ ಐದಕ್ಕೆ ಮೂರು ನಿಮಿಷ. ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದದ್ದು ಸುಮಾರು 4.5 ಗಿಗಾಬೈಟ್.

ಐದು ಬಾಗಿಲು

ವರದಿಯ ಅತ್ಯಂತ ಬೆಲೆಯುಳ್ಳ ಭಾಗ ಇಲ್ಲಿಂದ ಮುಂದಿನದು. ತಪ್ಪು ಗಣಕದಲ್ಲಿ ಆಜ್ಞೆ ಕೊಡುವುದು ಯಾರ ಕೈಯಿಂದಲೂ ಆಗಬಹುದು. ಅದಕ್ಕೇ ತಾನೆ ಬ್ಯಾಕಪ್ ಇರುವುದು? ಗಿಟ್‌ಲ್ಯಾಬ್‌ನಲ್ಲಿ ಒಂದಲ್ಲ, ಐದು ಬಗೆಯ ಏರ್ಪಾಟುಗಳಿದ್ದವು ಅಥವಾ ಇವೆಯೆಂದು ಎಲ್ಲರೂ ತಿಳಿದಿದ್ದರು. ಒಂದೊಂದಾಗಿ ತಟ್ಟಿ ನೋಡೋಣ.

ಮೊದಲನೆಯದು ಜೊತೆ ಸರ್ವರ್. ಅದನ್ನು ಮತ್ತೆ ತುಂಬಲೆಂದು ಆಗಲೇ ಬರಿದು ಮಾಡಿಯಾಗಿತ್ತು. ಇಲ್ಲಿ ಒಂದು ಮಾತು ಹೇಳಲೇಬೇಕು. ರೆಪ್ಲಿಕೇಶನ್ ಚೆನ್ನಾಗಿ ನಡೆಯುತ್ತಿದ್ದರೂ ಅದನ್ನು ಬ್ಯಾಕಪ್ ಎಂದು ಕರೆಯುವಂತಿಲ್ಲ. ಮುಖ್ಯ ಸರ್ವರ್‌ನಲ್ಲಿ ಯಾರಾದರೂ ಒಂದು ಕೋಷ್ಟಕವನ್ನು ಅಳಿಸಿದರೆ, ಆ ಅಳಿಸುವಿಕೆಯೂ ಕಿರ್ದಿಯಲ್ಲಿ ಒಂದು ಸಾಲು. ಜೊತೆ ಸರ್ವರ್ ಅದನ್ನೂ ವಿಧೇಯತೆಯಿಂದ ನಕಲು ಮಾಡುತ್ತದೆ. ಯಂತ್ರ ಕೆಟ್ಟಾಗ ರೆಪ್ಲಿಕೇಶನ್ ಕಾಯುತ್ತದೆ, ಮನುಷ್ಯ ತಪ್ಪಿದಾಗ ಕಾಯುವುದಿಲ್ಲ.

ಎರಡನೆಯದು ದಿನಕ್ಕೊಮ್ಮೆ ಪಿಜಿ ಡಂಪ್ ಎಂಬ ಸಾಧನದಿಂದ ತೆಗೆಯುವ ಪೂರ್ಣ ಬ್ಯಾಕಪ್. ಮೂರನೆಯದು ಅದನ್ನು ಅಮೆಜಾನ್‌ನ ಎಸ್3 ಸಂಗ್ರಹಕ್ಕೆ ಕಳಿಸಿಡುವುದು. ಹೋಗಿ ನೋಡಿದರೆ ಎಸ್3 ಖಾಲಿ. ಕಾರಣ ಹುಡುಕಿದಾಗ ಹೊರಬಿದ್ದದ್ದು ಇದು: ಡೇಟಾಬೇಸ್ ಪೋಸ್ಟ್‌ಗ್ರೆಸ್‌ನ 9.6ನೆಯ ಆವೃತ್ತಿಯಲ್ಲಿತ್ತು, ಬ್ಯಾಕಪ್ ತೆಗೆಯುತ್ತಿದ್ದ ಸಾಧನ 9.2ನೆಯ ಆವೃತ್ತಿಯದು. ಬ್ಯಾಕಪ್ ನಡೆಯುತ್ತಿದ್ದ ಗಣಕದಲ್ಲಿ ಡೇಟಾಬೇಸ್ ಇರಲಿಲ್ಲ. ಆದ್ದರಿಂದ ಯಾವ ಆವೃತ್ತಿ ಬಳಸಬೇಕೆಂದು ತಿಳಿಯುವ ಗುರುತಿನ ಕಡತವೂ ಅಲ್ಲಿರಲಿಲ್ಲ. ಗುರುತು ಸಿಗದಿದ್ದರೆ ಹಳೆಯದನ್ನು ಬಳಸು ಎಂಬುದು ತಂತ್ರಾಂಶಕ್ಕಿದ್ದ ನಿಯಮ. ಹಳೆಯ ಪಿಜಿ ಡಂಪ್ ಹೊಸ ಸರ್ವರ್‌ನಿಂದ ಬ್ಯಾಕಪ್ ತೆಗೆಯುವುದಿಲ್ಲ. ದೋಷ ತೋರಿಸಿ ನಿಲ್ಲುತ್ತದೆ. ಹಾಗೆಯೇ ನಿಲ್ಲುತ್ತಿತ್ತು.

ದೋಷ ಬಂದರೆ ತಿಳಿಸಲು ಇಮೇಲ್ ಏರ್ಪಾಟಿತ್ತಲ್ಲ? ಇತ್ತು, ಇಮೇಲ್ ಹೋಗುತ್ತಲೂ ಇತ್ತು. ಆದರೆ ಆ ಇಮೇಲ್‌ಗಳು ಕಳಿಸಿದವರ ಗುರುತನ್ನು ಖಚಿತಪಡಿಸುವ ಡಿಮಾರ್ಕ್ ಎಂಬ ನಿಯಮಕ್ಕೆ ಒಳಪಟ್ಟಿರಲಿಲ್ಲ. ಪಡೆಯುವ ಸರ್ವರ್ ಅವುಗಳನ್ನು ಬಾಗಿಲಲ್ಲೇ ತಿರಸ್ಕರಿಸಿತು. ಕಾವಲುಗಾರ ದಿನವೂ ಕೂಗುತ್ತಿದ್ದ, ಮನೆಯವರಿಗೆ ಕೇಳಿಸುತ್ತಿರಲಿಲ್ಲ. ಕೂಗು ಕೇಳದ್ದರಿಂದ ಎಲ್ಲ ಸರಿಯಿದೆ ಎಂದು ತಿಳಿದರು.

ನಾಲ್ಕನೆಯದು ಮೈಕ್ರೋಸಾಫ್ಟ್‌ನ ಅಜೂರ್ ಸೇವೆ ಒದಗಿಸುವ ಡಿಸ್ಕ್ ಪಡಿಯಚ್ಚು. ಅದನ್ನು ಕಡತಗಳ ಸರ್ವರುಗಳಿಗೆ ಚಾಲೂ ಮಾಡಿದ್ದರು, ಡೇಟಾಬೇಸ್ ಸರ್ವರುಗಳಿಗೆ ಮಾಡಿರಲಿಲ್ಲ. ಡೇಟಾಬೇಸ್‌ಗೆ ಬೇರೆ ಬ್ಯಾಕಪ್‌ಗಳು ಸಾಕಷ್ಟಿವೆ ಎಂಬ ಭಾವನೆಯೇ ಅದಕ್ಕೆ ಕಾರಣವೆಂದು ವರದಿ ಹೇಳುತ್ತದೆ. ಒಂದು ಬಾಗಿಲನ್ನು ನೆಚ್ಚಿ ಇನ್ನೊಂದಕ್ಕೆ ಚಿಲಕ ಹಾಕಿದ ಹಾಗಾಯಿತು.

ಐದನೆಯದು ಲಿನಕ್ಸ್ ವ್ಯವಸ್ಥೆಯೇ ತೆಗೆಯುವ ಎಲ್‌ವಿಎಂ ಪಡಿಯಚ್ಚು. ಇದು 24 ಗಂಟೆಗೊಮ್ಮೆ ನಡೆಯುತ್ತಿತ್ತು. ಅದರ ಉದ್ದೇಶ ಬ್ಯಾಕಪ್ ಆಗಿರಲಿಲ್ಲ. ಪ್ರಯೋಗದ ಗಣಕಕ್ಕೆ ತುಂಬಲು ಅದನ್ನು ಬಳಸುತ್ತಿದ್ದರು. ಕೊನೆಗೆ ಸಂಸ್ಥೆಯನ್ನು ಉಳಿಸಿದ್ದು ಇದೇ. ಅದೂ ನಿಗದಿತ ಸಮಯದ್ದಲ್ಲ, ಸಂಜೆ 17:20ಕ್ಕೆ ಬೇರೊಂದು ಕೆಲಸಕ್ಕೆಂದು ತೆಗೆದಿದ್ದ ಪಡಿಯಚ್ಚು.

ಆ ನಕಲು ಇದ್ದ ಪ್ರಯೋಗದ ಗಣಕ ಅಗ್ಗದ, ನಿಧಾನಗತಿಯ ಡಿಸ್ಕಿನದು. ಸೆಕೆಂಡಿಗೆ ಸುಮಾರು 60 ಮೆಗಾಬಿಟ್ ವೇಗದಲ್ಲಿ ದತ್ತಾಂಶ ಹರಿಯಬೇಕಾಯಿತು. ಒಂದು ಚಿಕ್ಕ ಲೆಕ್ಕ ಮಾಡಿ ನೋಡಿ. 300 ಗಿಗಾಬೈಟ್ ಎಂದರೆ 24 ಲಕ್ಷ ಮೆಗಾಬಿಟ್. 60ರಿಂದ ಭಾಗಿಸಿದರೆ 40,000 ಸೆಕೆಂಡು, ಅಂದರೆ ಹನ್ನೊಂದು ಗಂಟೆಗೂ ಹೆಚ್ಚು. ಅದೂ ಪೂರ್ಣ ವೇಗ ಎಡೆಬಿಡದೆ ಸಿಕ್ಕಿದ್ದರೆ. ನಿಜದಲ್ಲಿ ನಕಲಿಗೇ ಸುಮಾರು 18 ಗಂಟೆ ಹಿಡಿಯಿತು. ಅಷ್ಟು ಹೊತ್ತು ತಾಣ ಮುಚ್ಚಿತ್ತು. 17:20ರ ನಂತರ ಡೇಟಾಬೇಸ್‌ನಲ್ಲಿ ಬರೆದದ್ದೆಲ್ಲ ಹೋಯಿತು. ಸಂಸ್ಥೆಯ ಅಂದಾಜಿನಂತೆ ಹೆಚ್ಚೆಂದರೆ 5,000 ಯೋಜನೆಗಳು, 5,000 ಟಿಪ್ಪಣಿಗಳು, ಸುಮಾರು 700 ಹೊಸ ಬಳಕೆದಾರರ ಖಾತೆಗಳು. ತಂತ್ರಾಂಶದ ಕಡತಗಳು ಬೇರೆಡೆ ಇದ್ದುದರಿಂದ ಉಳಿದವು.

ವರದಿಯ ಗುಣ

ಇಷ್ಟು ಮುಜುಗರದ ಸಂಗತಿಗಳನ್ನು ಒಂದು ವ್ಯಾಪಾರಿ ಸಂಸ್ಥೆ ತಾನಾಗಿ ಹೊರಗಿಟ್ಟಿತು ಎಂಬುದೇ ಮೊದಲ ಗುಣ. ಘಟನೆ ನಡೆಯುತ್ತಿದ್ದಾಗಲೇ ಎಂಜಿನಿಯರುಗಳ ಟಿಪ್ಪಣಿಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಟ್ಟರು. ದುರಸ್ತಿಯನ್ನು ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿದರು. ‘ತಾಂತ್ರಿಕ ಕಾರಣದಿಂದ ಸೇವೆಯಲ್ಲಿ ವ್ಯತ್ಯಯ’ ಎಂಬ ಒಂದು ಸಾಲಿನ ಪ್ರಕಟಣೆಗೆ ಒಗ್ಗಿಹೋಗಿರುವ ನಮಗೆ ಇದು ಹೊಸದು.

ಎರಡನೆಯ ಗುಣ, ಆಜ್ಞೆ ಕೊಟ್ಟ ವ್ಯಕ್ತಿಯನ್ನು ಅಪರಾಧಿಯಾಗಿ ನಿಲ್ಲಿಸದಿರುವುದು. ಇದನ್ನು ಬರಿಯ ಸೌಜನ್ಯ ಎಂದು ತಿಳಿಯಬೇಡಿ. ವಿಜ್ಞಾನದ ವಿದ್ಯಾರ್ಥಿಗೆ ಇದು ವಿಧಾನದ ಪ್ರಶ್ನೆ. ‘ಯಾರು ಮಾಡಿದರು’ ಎಂಬುದಕ್ಕೆ ಉತ್ತರ ಸಿಕ್ಕ ಕೂಡಲೇ ವಿಚಾರಣೆ ಮುಗಿದುಹೋಗುತ್ತದೆ. ಎಸ್3 ಖಾಲಿ ಇತ್ತೆಂಬುದನ್ನು ಯಾರೂ ಕೇಳುವುದಿಲ್ಲ.

ಮೂರನೆಯ ಗುಣ, ಕಾರಣಗಳನ್ನು ಸರಪಳಿಯಾಗಿ ಹುಡುಕುವುದು. ಜಪಾನಿನ ಟೊಯೋಟಾ ಕಾರ್ಖಾನೆಗಳಲ್ಲಿ ರೂಢಿಗೆ ಬಂದ, ಮತ್ತೆ ಮತ್ತೆ ‘ಏಕೆ’ ಎಂದು ಕೇಳುವ ಕ್ರಮವನ್ನು ವರದಿ ಅನುಸರಿಸುತ್ತದೆ. ಅದು ಎರಡು ಸರಪಳಿಗಳನ್ನು ಕಟ್ಟುತ್ತದೆ. ತಾಣ ಏಕೆ ಬಿತ್ತು ಎಂಬುದು ಒಂದು. ಮತ್ತೆ ಎಬ್ಬಿಸಲು ಏಕೆ ಅಷ್ಟು ಹೊತ್ತಾಯಿತು ಎಂಬುದು ಇನ್ನೊಂದು. ಹೀಗೆ ಬೇರ್ಪಡಿಸಿದ್ದು ಜಾಣತನ. ಬೀಳುವುದಕ್ಕೆ ಕಾರಣ ಬೇರೆ, ಏಳಲಾಗದ್ದಕ್ಕೆ ಕಾರಣ ಬೇರೆ. ಎರಡನೆಯ ಸರಪಳಿಯ ಕೊನೆಯ ಪ್ರಶ್ನೆ ಹೀಗಿದೆ: ಬ್ಯಾಕಪ್ ವಿಧಾನವನ್ನು ಕಾಲಕಾಲಕ್ಕೆ ಏಕೆ ಪರೀಕ್ಷಿಸಿರಲಿಲ್ಲ? ಉತ್ತರ: ಅದಕ್ಕೆ ಒಡೆಯರು ಇರಲಿಲ್ಲ, ಹಾಗಾಗಿ ಪರೀಕ್ಷಿಸುವ ಹೊಣೆ ಯಾರದ್ದೂ ಆಗಿರಲಿಲ್ಲ.

ಇಡೀ ವರದಿಯಲ್ಲಿ ನೀವು ಅಡಿಗೆರೆ ಎಳೆಯಬೇಕಾದ ವಾಕ್ಯ ಇದೊಂದೇ.

ವರದಿ ನಿಲ್ಲುವ ಜಾಗ

ಇನ್ನು ಕೊರತೆಗಳಿಗೆ ಬರೋಣ. ಆ ಕೊನೆಯ ಉತ್ತರ ಬಂದ ಮೇಲೆ ಇನ್ನೊಂದು ‘ಏಕೆ’ ಬರಬೇಕಾಗಿತ್ತು. ಏಕೆ ಒಡೆಯರು ಇರಲಿಲ್ಲ? ಲಕ್ಷಾಂತರ ಜನರ ಕೆಲಸವನ್ನು ಕಾಯುವ ಡೇಟಾಬೇಸ್‌ಗೆ ಬ್ಯಾಕಪ್‌ನ ಹೊಣೆ ಹೊತ್ತವರು ಒಬ್ಬರೂ ಇಲ್ಲವೆಂದರೆ, ಅದು ಎಂಜಿನಿಯರುಗಳ ಮರೆವಲ್ಲ. ಕೆಲಸ ಹಂಚುವವರ ನಿರ್ಧಾರ, ಅಥವಾ ನಿರ್ಧಾರವೇ ಇಲ್ಲದಿರುವುದು. ಆವೃತ್ತಿಯ ಸಂಖ್ಯೆ, ಇಮೇಲ್ ನಿಯಮ, ಡಿಸ್ಕಿನ ವೇಗ ಇವುಗಳ ಬಗ್ಗೆ ಅಷ್ಟು ನಿಖರವಾಗಿ ಬರೆದ ವರದಿ, ಆಡಳಿತದ ಹೊಸ್ತಿಲು ಬಂದ ಕೂಡಲೇ ಮೌನವಾಗುತ್ತದೆ.

ಒಂದು ಕಾರಣವನ್ನು ನಾವೇ ಊಹಿಸಬಹುದು. ಬ್ಯಾಕಪ್ ಸರಿಯಾಗಿ ನಡೆದರೆ ಕಣ್ಣಿಗೆ ಕಾಣುವಂಥದ್ದು ಏನೂ ಆಗುವುದಿಲ್ಲ. ಹೊಸ ಸೌಲಭ್ಯ ಸೇರಿಸಿದವನ ಕೆಲಸ ಮಾರನೆಯ ದಿನವೇ ತೆರೆಯ ಮೇಲೆ ಕಾಣುತ್ತದೆ. ಮುನ್ನೂರು ದಿನ ಬ್ಯಾಕಪ್ ಪರೀಕ್ಷಿಸಿದವಳ ಕೆಲಸ ಮುನ್ನೂರು ದಿನವೂ ಕಾಣುವುದಿಲ್ಲ. ಊರಿನ ನೀರಿನ ತೊಟ್ಟಿ ತೊಳೆಯುವವನಂತೆ. ತೊಳೆಯದಿದ್ದಾಗ ಮಾತ್ರ ಆತನ ನೆನಪು. ಕಾಣದ ಕೆಲಸಕ್ಕೆ ಒಡೆಯರನ್ನು ನೇಮಿಸದಿದ್ದರೆ ಅದು ತಾನಾಗಿ ಯಾರ ಪಾಲಿಗೂ ಬರುವುದಿಲ್ಲ. ಡಿಬಿಎ ಎಂಬ ಹುದ್ದೆ ಇರುವುದು ಮುಖ್ಯವಾಗಿ ಈ ಕಾರಣಕ್ಕೆ.

ಎರಡನೆಯ ಕೊರತೆ ಮೊದಲ ಸರಪಳಿಯಲ್ಲಿದೆ. ತಾಣ ಏಕೆ ಬಿತ್ತು? ಮುಖ್ಯ ಸರ್ವರ್‌ನ ಫೋಲ್ಡರ್ ಆಕಸ್ಮಿಕವಾಗಿ ಅಳಿಯಿತು. ಅಲ್ಲಿಂದ ಸರಪಳಿ ರೆಪ್ಲಿಕೇಶನ್ ನಿಂತದ್ದಕ್ಕೂ ಹೊರೆ ಏರಿದ್ದಕ್ಕೂ ಹೊರಳುತ್ತದೆ. ‘ಆಕಸ್ಮಿಕ’ ಎಂಬ ಪದದ ಒಳಗೆ ಅದು ಇಣುಕುವುದಿಲ್ಲ. ಆ ರಾತ್ರಿಯ ಕಚ್ಚಾ ಟಿಪ್ಪಣಿಗಳಲ್ಲಿ ಒಂದು ಮಾತಿದೆ. ಆ ಎಂಜಿನಿಯರ್ ತನ್ನ ಸ್ಥಳೀಯ ಸಮಯ ರಾತ್ರಿ ಹನ್ನೊಂದಾಗುತ್ತಿದೆ, ಇನ್ನು ಕೆಲಸ ನಿಲ್ಲಿಸುತ್ತೇನೆ ಎಂದಿದ್ದ, ಅಷ್ಟರಲ್ಲಿ ರೆಪ್ಲಿಕೇಶನ್ ಕೈಕೊಟ್ಟಿದ್ದರಿಂದ ಮುಂದುವರಿದ, ಹತಾಶೆ ಹತ್ತತೊಡಗಿತ್ತು. ಅಂತಿಮ ವರದಿಯ ಕಾರಣಗಳ ಸರಪಳಿಯಲ್ಲಿ ಈ ದಣಿವಿಗೆ ಸ್ಥಾನವಿಲ್ಲ. ದಣಿದವರು ಅಪಾಯದ ಆಜ್ಞೆ ಕೊಡುವ ಮುನ್ನ ಇನ್ನೊಬ್ಬರಿಗೆ ಓದಿ ಹೇಳಬೇಕು ಎಂಬಂಥ ಸರಳ ನಿಯಮಕ್ಕೆ ಕಚ್ಚಾ ಟಿಪ್ಪಣಿಯೇ ಹೆಚ್ಚು ಹತ್ತಿರವಿದೆ. ರೈಲಿನಲ್ಲೂ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೋಣೆಯಲ್ಲೂ ಗಟ್ಟಿಯಾಗಿ ಹೇಳಿ ಖಚಿತಪಡಿಸಿಕೊಳ್ಳುವ ಪದ್ಧತಿ ಇರುವುದು ಸುಮ್ಮನೆ ಅಲ್ಲ.

ಮೂರನೆಯದು ಪರಿಹಾರಗಳ ಪಟ್ಟಿ. ತೆರೆಯ ಮೇಲೆ ಯಾವ ಸರ್ವರ್‌ನಲ್ಲಿದ್ದೇವೆಂದು ಎದ್ದು ಕಾಣುವಂತೆ ಮಾಡುವುದು, ಕಿರ್ದಿ ಪುಟಗಳನ್ನು ಕೂಡಿಡುವುದು, ಪಡಿಯಚ್ಚುಗಳನ್ನು ಗಂಟೆಗೊಮ್ಮೆ ತೆಗೆಯುವುದು, ಬ್ಯಾಕಪ್‌ನಿಂದ ಮರಳಿ ಕಟ್ಟುವುದನ್ನು ತಾನಾಗಿ ಪರೀಕ್ಷಿಸುವ ವ್ಯವಸ್ಥೆ, ದತ್ತಾಂಶದ ಉಳಿವಿಗೆ ಒಬ್ಬ ಒಡೆಯರನ್ನು ನೇಮಿಸುವುದು. ಎಲ್ಲವೂ ಬೇಕಾದವೇ. ಆದರೆ ಎಲ್ಲವೂ ಒಂದೇ ತೂಕದಲ್ಲಿ ಸಾಲಾಗಿ ನಿಂತಿವೆ. ಕೊನೆಯ ಎರಡು ಇಲ್ಲದಿದ್ದರೆ ಉಳಿದವೆಲ್ಲ ಕೆಲವು ತಿಂಗಳಲ್ಲಿ ಮತ್ತೆ ತುಕ್ಕು ಹಿಡಿಯುತ್ತವೆ ಎಂಬುದು ಪಟ್ಟಿಯಿಂದ ತಿಳಿಯುವುದಿಲ್ಲ.

ಒಂದು ಸೂಕ್ಷ್ಮವನ್ನೂ ಸೇರಿಸಬೇಕು. ಇಮೇಲ್ ನಿಯಮ ಸರಿಪಡಿಸಿದರೆ ಸಾಲದು. ‘ವಿಫಲವಾದರೆ ತಿಳಿಸು’ ಎಂಬ ಏರ್ಪಾಟಿನಲ್ಲಿ ಮೌನಕ್ಕೆ ಎರಡು ಅರ್ಥ: ಎಲ್ಲ ಸರಿಯಿದೆ, ಅಥವಾ ತಿಳಿಸುವವನೇ ಇಲ್ಲ. ‘ಇಂದಿನ ಬ್ಯಾಕಪ್ ಮುಗಿಯಿತು, ಗಾತ್ರ ಇಷ್ಟು’ ಎಂಬ ಸುದ್ದಿ ದಿನವೂ ಬರಬೇಕು. ಬಾರದ ದಿನ ಗಂಟೆ ಬಾರಿಸಬೇಕು. ಹಾಗೆ ಮಾಡಿದರೆ ಮೌನಕ್ಕೆ ಒಂದೇ ಅರ್ಥ ಉಳಿಯುತ್ತದೆ.

ಬ್ಯಾಕಪ್ ಇದ್ದರೂ

ಗಿಟ್‌ಲ್ಯಾಬ್ ವರದಿಯನ್ನು ಓದಿದವರು ‘ಬ್ಯಾಕಪ್ ಸರಿಯಿದ್ದಿದ್ದರೆ ಸಾಕಿತ್ತು’ ಎಂದುಕೊಳ್ಳಬಹುದು. ಅದಕ್ಕೆ ಎದುರಾಗಿ ಇನ್ನೊಂದು ಘಟನೆಯನ್ನು ಇಟ್ಟು ನೋಡಬೇಕು. 2022ರ ಏಪ್ರಿಲ್ 5ರಂದು ಅಟ್ಲಾಸಿಯನ್ ಎಂಬ ಆಸ್ಟ್ರೇಲಿಯಾ ಮೂಲದ ತಂತ್ರಾಂಶ ಸಂಸ್ಥೆ, ಹಳೆಯ ಒಂದು ಸೌಲಭ್ಯವನ್ನು ತೆಗೆಯಲು ಹೋಗಿ 775 ಗ್ರಾಹಕ ಸಂಸ್ಥೆಗಳ ತಾಣಗಳನ್ನೇ ಅಳಿಸಿತು. ತೆಗೆಯಬೇಕಾದ ಸೌಲಭ್ಯದ ಗುರುತುಸಂಖ್ಯೆಗಳ ಬದಲಿಗೆ ಇಡೀ ತಾಣಗಳ ಗುರುತುಸಂಖ್ಯೆಗಳು ಆಜ್ಞೆಗೆ ಸೇರಿದ್ದವು. ಅಲ್ಲಿ ಬ್ಯಾಕಪ್ ಇತ್ತು, ಕೆಲಸವನ್ನೂ ಮಾಡುತ್ತಿತ್ತು. ಆದರೂ ಕೆಲವು ಗ್ರಾಹಕರಿಗೆ ತಾಣ ಮರಳಿ ಸಿಗಲು 14 ದಿನಗಳವರೆಗೆ ಹಿಡಿಯಿತು. ಅಷ್ಟೊಂದು ಗ್ರಾಹಕರ ತಾಣಗಳನ್ನು, ಉಳಿದವರ ದತ್ತಾಂಶಕ್ಕೆ ತೊಂದರೆಯಾಗದಂತೆ, ಒಟ್ಟಿಗೆ ಮರಳಿ ಕಟ್ಟುವ ವಿಧಾನ ಸಿದ್ಧವಿರಲಿಲ್ಲ.

ಆದ್ದರಿಂದ ಡಿಬಿಎ ಸದಾ ಕೇಳಬೇಕಾದ ಪ್ರಶ್ನೆಗಳು ಎರಡು. ಅವಘಡವಾದರೆ ಎಷ್ಟು ಹೊತ್ತಿನ ದತ್ತಾಂಶವನ್ನು ಕಳೆದುಕೊಳ್ಳಬಹುದು? ಮರಳಿ ನಿಲ್ಲಲು ಎಷ್ಟು ಹೊತ್ತು ತೆಗೆದುಕೊಳ್ಳಬಹುದು? ಗಿಟ್‌ಲ್ಯಾಬ್‌ನಲ್ಲಿ ಮೊದಲನೆಯದರ ಉತ್ತರ ಸುಮಾರು ಆರು ಗಂಟೆ, ಎರಡನೆಯದರ ಉತ್ತರ 18 ಗಂಟೆಗೂ ಹೆಚ್ಚು. ಮೊದಲನೆಯದು ಆರಕ್ಕೆ ನಿಂತದ್ದು ಬರಿಯ ಅದೃಷ್ಟ. ಸಂಜೆಯ ಆ ಪಡಿಯಚ್ಚು ಇಲ್ಲದಿದ್ದರೆ 24 ಗಂಟೆಯವರೆಗೂ ಹೋಗಬಹುದಿತ್ತು. ಘಟನೆ ನಡೆದ ಮೇಲೆ ಈ ಅಂಕೆಗಳು ತಿಳಿದುಬಂದವು. ನಡೆಯುವ ಮೊದಲೇ ಇವುಗಳನ್ನು ನಿಗದಿಪಡಿಸಿ, ಅಳೆದು, ಬರೆದಿಡುವುದು ಡಿಬಿಎಯ ಕೆಲಸ.

ಪಠ್ಯಪುಸ್ತಕದ ಡಿಬಿಎ

ಈಗ ನಮ್ಮ ತರಗತಿಗಳ ಕಡೆ ತಿರುಗೋಣ. ಐಬಿಎಂನ ಇ. ಎಫ್. ಕಾಡ್ 1970ರಲ್ಲಿ ಸಂಬಂಧಾತ್ಮಕ ಮಾದರಿಯನ್ನು ಮುಂದಿಟ್ಟಂದಿನಿಂದ ಡೇಟಾಬೇಸ್ ಪಾಠದ ಹೃದಯ ಆ ಮಾದರಿಯೇ ಆಗಿದೆ. ಸಿಲ್ಬರ್‌ಶಾಟ್ಸ್, ಕೋರ್ತ್ ಮತ್ತು ಐಐಟಿ ಮುಂಬಯಿಯ ಎಸ್. ಸುದರ್ಶನ್ ಬರೆದ ಪ್ರಸಿದ್ಧ ಪಠ್ಯವನ್ನು ಭಾರತದ ಬಹಳಷ್ಟು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಲ್ಲರು. ಅದರ ಮೊದಲ ಅಧ್ಯಾಯದಲ್ಲಿ ಡಿಬಿಎಯ ಕೆಲಸಗಳ ಪಟ್ಟಿಯಿದೆ. ದತ್ತಾಂಶದ ವಿನ್ಯಾಸ ನಿರೂಪಿಸುವುದು, ಸಂಗ್ರಹಣೆಯ ಬಗೆ ತೀರ್ಮಾನಿಸುವುದು, ಅದನ್ನು ಅಗತ್ಯಕ್ಕೆ ತಕ್ಕಂತೆ ಬದಲಿಸುವುದು, ಯಾರಿಗೆ ಯಾವ ಅಧಿಕಾರ ಎಂದು ನಿಶ್ಚಯಿಸುವುದು, ಕೊನೆಗೆ ದೈನಂದಿನ ನಿರ್ವಹಣೆ. ಬ್ಯಾಕಪ್ ಬರುವುದು ಈ ಕೊನೆಯದರ ಕೆಳಗೆ. ಲಾಗ್ ಆಧಾರಿತ ಚೇತರಿಕೆಗೆ ಅದೇ ಪುಸ್ತಕ ಮುಂದೆ ಒಂದು ಇಡೀ ಅಧ್ಯಾಯವನ್ನು ಮೀಸಲಿಟ್ಟಿದೆ, ಅದು ಉತ್ತಮವಾಗಿಯೂ ಇದೆ. ಆದರೆ ಅದು ತಂತ್ರಾಂಶ ತಾನಾಗಿ ಹೇಗೆ ಚೇತರಿಸಿಕೊಳ್ಳುತ್ತದೆ ಎಂಬುದರ ಪಾಠ. ಮನುಷ್ಯ ಅದನ್ನು ಹೇಗೆ ಚೇತರಿಸಬೇಕು ಎಂಬುದು ಬೇರೆ ಪಾಠ. ಅದನ್ನು ನಾವು ಕಲಿಸುತ್ತಿಲ್ಲ.

ಪರೀಕ್ಷೆಯಲ್ಲಿ ‘ಡಿಬಿಎಯ ಕರ್ತವ್ಯಗಳನ್ನು ಬರೆಯಿರಿ’ ಎಂದು ಕೇಳುತ್ತೇವೆ. ವಿದ್ಯಾರ್ಥಿ ‘ಬ್ಯಾಕಪ್ ತೆಗೆಯುವುದು’ ಎಂದು ಬರೆದು ಅಂಕ ಪಡೆಯುತ್ತಾನೆ. ಗಿಟ್‌ಲ್ಯಾಬ್‌ನಲ್ಲಿ ನಂಬಿದ್ದೂ ಅಷ್ಟೇ: ಬ್ಯಾಕಪ್ ತೆಗೆಯುತ್ತಿದ್ದೇವೆ ಎಂದು. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿ ನೋಡಿ: ‘ನಿನ್ನ ಬ್ಯಾಕಪ್ ಸರಿಯಿದೆ ಎಂದು ಹೇಗೆ ಸಾಧಿಸುವೆ?’ ಇದಕ್ಕೆ ಉತ್ತರ ಬಾಯಿಪಾಠದಿಂದ ಬರುವುದಿಲ್ಲ. ಮರಳಿ ಕಟ್ಟಿ ತೋರಿಸಬೇಕು. ಪ್ರಯೋಗದಿಂದ ಪರೀಕ್ಷಿಸದ ಮಾತನ್ನು ವಿಜ್ಞಾನದಲ್ಲಿ ನಾವು ಊಹೆ ಎನ್ನುತ್ತೇವೆ. ಮರಳಿ ಕಟ್ಟಿ ನೋಡದ ಬ್ಯಾಕಪ್ ಕೂಡ ಊಹೆಯೇ.

ಕಾಲೇಜಿನ ಗಣಕ ಪ್ರಯೋಗಾಲಯದಲ್ಲಿ ಇದನ್ನು ಎರಡು ಅವಧಿಗಳಲ್ಲಿ ಮಾಡಿಸಬಹುದು. ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್ ಎರಡೂ ಹಣ ಕೊಡದೆ ಸಿಗುತ್ತವೆ. ಐನೂರು ಕಲ್ಪಿತ ವಿದ್ಯಾರ್ಥಿಗಳ ಅಂಕಪಟ್ಟಿಯ ಒಂದು ಕೋಷ್ಟಕ ಮಾಡಿಸಿ. ಒಟ್ಟು ಸಾಲುಗಳೆಷ್ಟು, ಅಂಕಗಳ ಮೊತ್ತ ಎಷ್ಟು ಎಂದು ಕಾಗದದಲ್ಲಿ ಬರೆಸಿ. ಬ್ಯಾಕಪ್ ತೆಗೆಸಿ. ಅದಾದ ಮೇಲೆ ಇನ್ನೂ ಇಪ್ಪತ್ತು ಸಾಲು ಸೇರಿಸಲು ಹೇಳಿ. ಈಗ ಬ್ಯಾಕಪ್ ಕಡತವನ್ನು ಪಕ್ಕದ ತಂಡಕ್ಕೆ ಕೊಡಿಸಿ. ಅವರು ಬೇರೆ ಗಣಕದಲ್ಲಿ, ಗಡಿಯಾರ ಹಿಡಿದು, ಮರಳಿ ಕಟ್ಟಲಿ. ಸಾಲುಗಳ ಸಂಖ್ಯೆಯೂ ಮೊತ್ತವೂ ಕಾಗದದೊಂದಿಗೆ ತಾಳೆಯಾಗುತ್ತವೆಯೇ? ಹೋದ ಸಾಲುಗಳೆಷ್ಟು? ಹಿಡಿದ ನಿಮಿಷಗಳೆಷ್ಟು? ಮೇಲೆ ಹೇಳಿದ ಎರಡು ಪ್ರಶ್ನೆಗಳಿಗೆ ವಿದ್ಯಾರ್ಥಿಯ ಕೈಯಲ್ಲೇ ಅಂಕೆಗಳು ಸಿಕ್ಕಂತಾಯಿತು. ಒಂದು ತಂಡಕ್ಕೆ, ಹೇಳದೆ, ಅರ್ಧ ಕತ್ತರಿಸಿದ ಕಡತ ಕೊಟ್ಟು ನೋಡಿ. ಕಡತ ಇರುವುದಕ್ಕೂ ಬ್ಯಾಕಪ್ ಇರುವುದಕ್ಕೂ ಇರುವ ಅಂತರವನ್ನು ಆ ತಂಡ ಜೀವನವಿಡೀ ಮರೆಯುವುದಿಲ್ಲ.

‘ಈಗ ಎಲ್ಲ ಕ್ಲೌಡ್‌ಗೆ ಹೋಗಿದೆ, ಬ್ಯಾಕಪ್ ತಾನಾಗಿ ಆಗುತ್ತದೆ, ಡಿಬಿಎ ಏಕೆ ಬೇಕು’ ಎಂಬ ಮಾತೂ ಕೇಳಿಬರುತ್ತದೆ. ಬ್ಯಾಕಪ್ ತೆಗೆಯುವ ಶ್ರಮ ಕಡಿಮೆಯಾಗಿರುವುದು ನಿಜ. ಆದರೆ ಗಿಟ್‌ಲ್ಯಾಬ್‌ನ ಸರ್ವರುಗಳೂ ಇದ್ದದ್ದು ಕ್ಲೌಡ್‌ನಲ್ಲೇ. ಡಿಸ್ಕ್ ಪಡಿಯಚ್ಚು ಎಂಬ ಸೌಲಭ್ಯ ಅಲ್ಲಿಯೂ ಇತ್ತು. ಅದನ್ನು ಚಾಲೂ ಮಾಡಬೇಕೆಂಬ ತೀರ್ಮಾನವನ್ನು ಯಾರಾದರೂ ತೆಗೆದುಕೊಳ್ಳಬೇಕಿತ್ತು. ಯಂತ್ರ ಕೆಲಸವನ್ನು ವಹಿಸಿಕೊಳ್ಳುತ್ತದೆ, ಹೊಣೆಯನ್ನು ವಹಿಸಿಕೊಳ್ಳುವುದಿಲ್ಲ.

ನಮ್ಮ ಪಹಣಿ, ವಿದ್ಯಾರ್ಥಿಗಳ ಅಂಕ, ವಿದ್ಯುತ್ ಬಿಲ್ಲು, ಬ್ಯಾಂಕಿನ ಖಾತೆ ಎಲ್ಲವೂ ಇಂದು ಯಾವುದೋ ಡೇಟಾಬೇಸ್‌ನ ಸಾಲುಗಳು. ಅವುಗಳನ್ನು ಕಾಯುವವರಲ್ಲಿ ಕೆಲವರಾದರೂ ಈಗ ನಿಮ್ಮ ತರಗತಿಯ ಬೆಂಚುಗಳ ಮೇಲೆ ಕುಳಿತಿದ್ದಾರೆ. ಗಿಟ್‌ಲ್ಯಾಬ್ ವರದಿಯ ಇಂಗ್ಲಿಷ್ ಕಷ್ಟದ್ದಲ್ಲ. ತಾಂತ್ರಿಕ ಪದಗಳ ಅರ್ಥ ಹೇಳಿಕೊಟ್ಟರೆ ಪಿಯು ವಿದ್ಯಾರ್ಥಿಯೂ ಓದಬಲ್ಲ. ಎರಡು ‘ಏಕೆ’ ಸರಪಳಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ವರದಿ ನಿಲ್ಲಿಸಿದ ಕಡೆಯಿಂದ ಮುಂದಿನ ‘ಏಕೆ’ ಕೇಳಲು ವಿದ್ಯಾರ್ಥಿಗಳಿಗೆ ಬಿಡಿ. ಆಮೇಲೆ ನಿಮ್ಮ ಕಾಲೇಜಿನ ಕಚೇರಿಯ ಗಣಕದಲ್ಲಿರುವ ಪ್ರವೇಶ ದಾಖಲೆಗಳ ಬ್ಯಾಕಪ್ ಯಾರ ಹೊಣೆ, ಕೊನೆಯ ಬಾರಿ ಅದನ್ನು ಮರಳಿ ಕಟ್ಟಿ ನೋಡಿದ್ದು ಯಾವಾಗ ಎಂದು ಒಮ್ಮೆ ವಿಚಾರಿಸಿ.